ಅರ್ಧ ಎತ್ತಿದ ಶಟರು

ಮಣಿನಗರ, ಅಹಮದಾಬಾದ್
20 ನವೆಂಬರ್ 2024

ಚಿರಂಜೀವಿ ಸುಬ್ರಹ್ಮಣ್ಯನಿಗೆ ಅಕ್ಕನ ಆಶೀರ್ವಾದ.

ಆಶೀರ್ವಾದವನ್ನು ಪದ್ಧತಿಗೆಂದು ಬರೆದೆ. ನಿಜ ಹೇಳಬೇಕೆಂದರೆ ನಿನ್ನ ಕಿವಿ ಹಿಂಡುವಷ್ಟು ಸಿಟ್ಟು ಬಂದಿದೆ. ನಿನ್ನೆ ಕೊರಿಯರಿನವನು ಒಂದು ರಟ್ಟಿನ ಪೆಟ್ಟಿಗೆ ಕೊಟ್ಟು ಸಹಿ ಹಾಕಿಸಿಕೊಂಡು ಹೋದ. ಹೋಟೆಲಿನ ಏನಾದರೂ ಸಾಮಾನಿರಬೇಕು ಎಂದುಕೊಂಡು ಬಿಚ್ಚಿದರೆ, ಒಳಗೆ ಹಳೇ ಪಂಚೆಯಲ್ಲಿ ಸುತ್ತಿದ ಅಪ್ಪಯ್ಯನ ಸಾಲಿಗ್ರಾಮ, ಗಂಟೆ, ಆರತಿ ತಟ್ಟೆ. ಅದರ ಕೆಳಗೆ ವಾರಿಜಳ ರೇಷ್ಮೆ ಸೀರೆಗಳು. ಒಂದು ಚೀಟಿಯೂ ಇರಲಿಲ್ಲ.

ಮನೆದೇವರನ್ನು ಪಾರ್ಸೆಲ್ ಮಾಡಿದವನು ತಾನು ಎಲ್ಲಿಗೆ ಹೊರಟಿದ್ದಾನೆ? ಇದನ್ನು ಸುತ್ತಿ ಬಳಸಿ ಕೇಳುವವಳು ನಾನಲ್ಲ. ಹೆಂಡತಿ ತೀರಿಕೊಂಡ ಮೇಲೆ ಹೋಟೆಲು ಮುಚ್ಚಿದೆ, ಫೋನ್ ಎತ್ತುವುದು ಬಿಟ್ಟೆ. ಚೌತಿಯ ಹೊತ್ತಿಗೆ ನಮ್ಮ ಹುಡುಗಿ ರಚನಾ ವಡೋದರದಿಂದ ನೋಡಲು ಬಂದರೆ, ಸ್ವಂತ ಸೋದರಸೊಸೆಯನ್ನು ಬಾಗಿಲ ಸಂದಿಯಿಂದಲೇ ‘ಚೆನ್ನಾಗಿದ್ದೇನೆ’ ಎಂದು ಹೇಳಿ ಕಳಿಸಿದೆ. ಅವಳು ತನ್ನ ಅರೆಬರೆ ಕನ್ನಡದಲ್ಲಿ ನನ್ನ ಹತ್ತಿರ ಅತ್ತಳು. ಈಗ ದೇವರನ್ನೂ ಮನೆಯಿಂದ ಸಾಗಿಸಿದ್ದೀಯ. ನನಗೆ ಹೆದರಿಕೆಯಾಗಿದೆ ಸುಬ್ರಹ್ಮಣ್ಯ, ಬಾಯಿಬಿಟ್ಟು ಹೇಳುತ್ತಿದ್ದೇನೆ.

ನಾನೇ ಮೊದಲ ರೈಲು ಹತ್ತಿ ಬರುತ್ತಿದ್ದೆ. ಆದರೆ ನಿನ್ನ ಭಾವನ ಮೊಣಕಾಲು ನೋವು ಜಾಸ್ತಿಯಾಗಿದೆ, ಮೆಟ್ಟಿಲು ಇಳಿಯಲಾರರು, ಅವರೊಬ್ಬರನ್ನೇ ಬಿಟ್ಟು ಬರುವ ಹಾಗಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಫೋನಾದರೆ ಎತ್ತುವುದಿಲ್ಲ, ಆದರೆ ಕೈಗೆ ಬಂದ ಅಕ್ಷರವನ್ನು ಓದದೆ ಬಿಡುವವನಲ್ಲ ನೀನು. ಚಿಕ್ಕಂದಿನಲ್ಲಿ ಕಡಲೆ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಓದುತ್ತಿದ್ದೆ.

ದೇವರಿಗೆ ಇಲ್ಲಿ ಭಾವ ಪೂಜೆ ಮಾಡುತ್ತಿದ್ದಾರೆ. ನೀನು ವಾಪಸು ತೆಗೆದುಕೊಂಡು ಹೋಗುವವರೆಗೆ ಮಾತ್ರ. ಇವತ್ತು ಏನು ಉಂಡೆ, ಯಾರನ್ನು ಕಂಡೆ, ಅಷ್ಟನ್ನು ನನಗೆ ಬರೆ. ಯಾರನ್ನೂ ಕಂಡಿಲ್ಲವಾದರೆ ಕೆಳಗಿಳಿದು ಹೋಗಿ ಯಾರಿಗಾದರೂ ಒಂದು ಲೋಟ ನೀರು ಕೊಟ್ಟು ಬಾ, ಆಮೇಲೆ ಬರೆ.

ನಿನ್ನ ಅಕ್ಕ
ಸಾವಿತ್ರಿ


ಕತಾರ್‌ಗಾಮ್, ಸೂರತ್
3 ಡಿಸೆಂಬರ್ 2024

ಅಕ್ಕನಿಗೆ ನಮಸ್ಕಾರ.

ಅನ್ನ, ಮೊಸರು, ಉಪ್ಪಿನಕಾಯಿ ಉಂಡೆ. ನೀರು ಯಾರಿಗೂ ಕೊಡಲಿಲ್ಲ.

ದೇವರನ್ನು ಕಳಿಸಿದ್ದಕ್ಕೆ ಕಾರಣ ಬೇರೇನಿಲ್ಲ. ಇಲ್ಲಿ ಹೂ ಏರಿಸುವವರಿಲ್ಲ. ನನ್ನ ಕೈಯಲ್ಲಿ ಪೂಜೆ ನಡೆಯುತ್ತಿಲ್ಲ. ಉಪವಾಸ ಬಿದ್ದಿರುವುದಕ್ಕಿಂತ ಭಾವನ ಹತ್ತಿರ ಇರುವುದು ಒಳ್ಳೆಯದು ಎಂದು ಕಳಿಸಿದೆ. ನೀನು ಏನೇನೋ ಯೋಚಿಸಬೇಡ. ಫೋನ್ ಎತ್ತದೆ ಇರುವುದು ಕೊಬ್ಬಿನಿಂದ ಅಲ್ಲ. ನಾನು ಮಾತು ಹುಡುಕುವಷ್ಟರಲ್ಲಿ ಆ ಕಡೆಯವರು ‘ಹಲೋ ಹಲೋ’ ಎನ್ನುತ್ತಾರೆ, ನನಗೆ ನಾಚಿಕೆಯಾಗುತ್ತದೆ. ಬರೆಯಲು ತೊಂದರೆಯಿಲ್ಲ.

ಯಾರನ್ನು ಕಂಡೆ ಎಂದು ಕೇಳಿದ್ದೀ. ಈ ಬೀದಿಯವರು ಯಾರೂ ಈಗ ನನ್ನನ್ನು ಮಾತಾಡಿಸುವುದಿಲ್ಲ. ವಾರಿಜ ಹೋದ ಮೊದಲ ದಿನಗಳಲ್ಲಿ, ನೀವೆಲ್ಲ ದಹನಕ್ಕೆ ಬಂದು ಹೋದ ಮೇಲೆ, ಹಿಂದಿನ ಗಲ್ಲಿಯ ಪೂರ್ವಿಬೆನ್ ಡಬ್ಬಿಯಲ್ಲಿ ಖಿಚಡಿ, ಮಜ್ಜಿಗೆಹುಳಿಯಂಥ ಕಢಿ ತಂದುಕೊಡುತ್ತಿದ್ದಳು. ಇನ್ನೊಬ್ಬರ ಅನ್ನ ಉಂಡು ಸುಮ್ಮನಿರುವುದು ನನ್ನಿಂದಾಗುವ ಕೆಲಸವಲ್ಲ. ಡಬ್ಬಿಯನ್ನು ಖಾಲಿ ಕೊಡುವುದು ಹೇಗೆ ಎಂದು, ಕೆಳಗೆ ಹೋಗಿ ಹೋಟೆಲಿನ ಒಲೆ ಹಚ್ಚಿ, ಕೈಯಾರೆ ಮೈಸೂರು ಪಾಕ್ ಮಾಡಿ ಅದರಲ್ಲಿ ತುಂಬಿ ಕಳಿಸಿದೆ. ತುಪ್ಪಕ್ಕೆ ಕಡಿಮೆ ಮಾಡಿರಲಿಲ್ಲ. ಮಾರನೆಯ ದಿನದಿಂದ ಪೂರ್ವಿಬೆನ್ ಬರಲಿಲ್ಲ. ಅವಳನ್ನು ನೋಡಿ ಉಳಿದವರೂ ಬರುವುದು ನಿಲ್ಲಿಸಿದರು. ಇಷ್ಟು ವರ್ಷ ಇವರ ಮಕ್ಕಳ ನಿಶ್ಚಿತಾರ್ಥಕ್ಕೆಲ್ಲ ಇಡ್ಲಿ ಕೊಟ್ಟವನು ನಾನು. ಇರಲಿ, ನನಗೂ ಯಾರೂ ಬೇಕಾಗಿಲ್ಲ.

ಒಬ್ಬ ಮಾತ್ರ ದಿನಾ ಮಧ್ಯಾಹ್ನ ಹೋಟೆಲಿನ ಮೆಟ್ಟಿಲ ಮೇಲೆ ಕೂತು ತನ್ನ ಟಿಫಿನ್ ಬಿಚ್ಚಿ ಉಣ್ಣುತ್ತಾನೆ. ಉಂಡ ಮೇಲೂ ಏಳುವುದಿಲ್ಲ. ಮುಚ್ಚಿದ ಹೋಟೆಲಿನ ಮುಂದೆ ಡಬ್ಬಿ ಬಿಚ್ಚಿ ಕೂತರೆ ನೋಡಿದವರು ಏನೆಂದುಕೊಳ್ಳಬೇಕು? ನನ್ನನ್ನು ಹಂಗಿಸಲೆಂದೇ ಕೂರುತ್ತಾನೋ ಏನೋ. ನಾಳೆ ಎಬ್ಬಿಸಿ ಕಳಿಸಬೇಕು.

ಸುಬ್ರಹ್ಮಣ್ಯ


ಅಹಮದಾಬಾದ್
9 ಡಿಸೆಂಬರ್ 2024

ಸುಬ್ರಹ್ಮಣ್ಯ,

ನಿನ್ನ ಕಾಗದ ಓದಿ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಸೂತಕದ ಮನೆಯಿಂದ ಯಾರಾದರೂ ಮೈಸೂರು ಪಾಕ್ ಕಳಿಸುತ್ತಾರೇನೋ? ಹತ್ತನೆಯ ದಿನ ಕಳೆಯುವ ಮೊದಲೇ ಒಲೆ ಹಚ್ಚಿ, ಸಿಹಿ ಮಾಡಿ, ಮಕ್ಕಳಿರುವ ಮನೆಗೆ ಕೊಟ್ಟೆಯಾ? ಅಮ್ಮ ಇದ್ದಿದ್ದರೆ ನಿನಗೆ ಸೌದೆ ಕೊಳ್ಳಿಯಲ್ಲಿ ಬಾರಿಸುತ್ತಿದ್ದಳು. ಆ ಹೆಂಗಸು ತನ್ನ ಮನೆಯ ಅಡುಗೆಯನ್ನು ನಿನ್ನ ಬಾಯಿಗೆ ಹಾಕಲು ಬಂದಳು. ನೀನು ಅದಕ್ಕೆ ಬದಲು ಕೊಟ್ಟು ಬಾಗಿಲು ಹಾಕಿಕೊಂಡೆ. ಅವಳು ಹೇಗೆ ಬಂದಾಳು?

ನೀನು ಹೋಟೆಲಿನವನು. ಬಂದವರಿಗೆ ಉಣ್ಣಿಸಿ ಗೊತ್ತೇ ಹೊರತು ಇನ್ನೊಬ್ಬರ ಮುಂದೆ ಎಲೆ ಹಾಕಿಕೊಂಡು ಕೂತು ಗೊತ್ತಿಲ್ಲ. ಭಾವ ಬ್ಯಾಂಕಿನಿಂದ ವಡೋದರಕ್ಕೆ ವರ್ಗವಾಗಿ ಬಂದಾಗ ನೀನು ಅಲ್ಲೇ ಫತೇಗಂಜಿನಲ್ಲಿ ಹಾಸ್ಟೆಲ್ ಹುಡುಗರಿಗೆ ದೋಸೆ ಹೊಯ್ಯುತ್ತಿದ್ದೆ. ಆಗಲೂ ನಮ್ಮ ಮನೆಗೆ ಊಟಕ್ಕೆ ಕರೆದರೆ ಚೀಲದಲ್ಲಿ ಏನಾದರೂ ಕಟ್ಟಿಸಿಕೊಂಡೇ ಬರುತ್ತಿದ್ದೆ. ಈಗ ಹೋಗಿ ಆ ಪೂರ್ವಿಬೆನ್ ಹತ್ತಿರ ತಪ್ಪಾಯಿತು ಎನ್ನು, ನಿನ್ನ ಕೈಯ ಕಢಿ ಬೇಕು ಎಂದು ಕೇಳು. ಕೈಯಲ್ಲಿ ಏನನ್ನೂ ಹಿಡಿದುಕೊಂಡು ಹೋಗಬೇಡ.

ಮೆಟ್ಟಿಲ ಮೇಲೆ ಕೂರುವವನನ್ನು ಎಬ್ಬಿಸಿದೆಯಾ? ಎಬ್ಬಿಸಿದ್ದರೆ ಕರೆದುಕೊಂಡು ಬಾ. ಮನೆಯಿಂದ ಡಬ್ಬಿ ತಂದವನು ಉಣ್ಣಲು ಮುಚ್ಚಿದ ಅಂಗಡಿ ಹುಡುಕಿಕೊಂಡು ಬರುತ್ತಾನೆ ಎಂದರೆ ಅವನಿಗೆ ಕೂರಲು ಬೇರೆ ಜಾಗವಿಲ್ಲ ಎಂದೇ ಅರ್ಥ. ಶಟರನ್ನು ಪೂರ್ತಿ ಎತ್ತಬೇಡ, ಅರ್ಧ ಎತ್ತು. ಬೆಂಚು ಒರೆಸಿ ಕೊಡು. ಇಷ್ಟು ಮಾಡಲು ನಿನಗೆ ದುಃಖ ಅಡ್ಡ ಬರುವುದಿಲ್ಲ.

ಭಾವ ಆರಾಮಾಗಿದ್ದಾರೆ. ನಿನ್ನನ್ನು ಕೇಳಿದರು.

ಸಾವಿತ್ರಿ


ಸೂರತ್
27 ಡಿಸೆಂಬರ್ 2024

ಅಕ್ಕನಿಗೆ ನಮಸ್ಕಾರ.

ಶಟರು ಎತ್ತಿದೆ. ತಿಂಗಳುಗಟ್ಟಲೆ ಮುಚ್ಚಿದ್ದರಿಂದ ಕಚ್ಚಿಕೊಂಡಿತ್ತು, ಆ ಮನುಷ್ಯನೇ ಎದ್ದು ಬಂದು ಕೈ ಹಾಕಿದ. ಒಳಗೆ ಕೂರಿಸಿದೆ. ಬೆಂಚು ಒರೆಸಿದೆ. ಫಿಲ್ಟರಿನಲ್ಲಿ ನೀರಿರಲಿಲ್ಲ, ಮನೆಯಿಂದ ತಂದುಕೊಟ್ಟೆ.

ಅವನ ಹೆಸರು ಕಿಶೋರ್. ವಜ್ರಕ್ಕೆ ಸಾಣೆ ಹಿಡಿಯುವವನು. ಅವನಿದ್ದ ಕಾರ್ಖಾನೆ ದೀಪಾವಳಿ ರಜೆಗೆಂದು ಮುಚ್ಚಿದ್ದು ಮತ್ತೆ ತೆರೆಯಲೇ ಇಲ್ಲ. ಈ ವರ್ಷ ಇಲ್ಲಿ ಅಂಥವು ಬಹಳ. ಮನೆಯಲ್ಲಿ ಹೇಳಿಲ್ಲವಂತೆ. ಹೆಂಡತಿ ಬೆಳಿಗ್ಗೆ ಟಿಫಿನ್ ಕಟ್ಟಿಕೊಡುತ್ತಾಳೆ, ಇವನು ತೆಗೆದುಕೊಂಡು ಹೊರಡುತ್ತಾನೆ, ಸಂಜೆ ಕೆಲಸ ಬಿಡುವ ಹೊತ್ತಿಗೆ ಮನೆಗೆ ಹೋಗುತ್ತಾನೆ. ಉದ್ಯಾನದಲ್ಲಿ ಕೂತರೆ ಗುರುತಿನವರು ನೋಡುತ್ತಾರೆ. ಈಗ ಈ ಬೀದಿಯವರು ಯಾರೂ ನನ್ನ ಹೋಟೆಲಿನ ಕಡೆ ತಿರುಗಿಯೂ ನೋಡುವುದಿಲ್ಲವೆಂದು ಅಲ್ಲಿ ಕೂರುತ್ತಿದ್ದನಂತೆ.

ಇನ್ನೊಂದು ವಿಷಯ ಕೇಳು. ಅವನ ಹೆಂಡತಿ ಬೇರೆ ಯಾರೂ ಅಲ್ಲ, ಪೂರ್ವಿಬೆನ್. ಅವಳ ಗಂಡನನ್ನು ನಾನು ಈ ಮೊದಲು ನೋಡಿರಲಿಲ್ಲ, ದಿನವಿಡೀ ಕಾರ್ಖಾನೆಯಲ್ಲೇ ಇರುತ್ತಿದ್ದ. ಹಾಗಾಗಿ ಅವಳ ಮುಂದೆ ಹೋಗಿ ನಿಲ್ಲು ಎಂದು ಮತ್ತೆ ಹೇಳಬೇಡ. ಯಾರಿಗೂ ಹೇಳುವುದಿಲ್ಲವೆಂದು ಅವನಿಗೆ ಮಾತು ಕೊಟ್ಟಿದ್ದೇನೆ. ಅವಳ ಗಂಡ ದಿನವಿಡೀ ನನ್ನ ಬೆಂಚಿನ ಮೇಲಿರುವಾಗ ಅವಳ ಮುಖವನ್ನು ಹೇಗೆ ನೋಡಲಿ? ಆ ಡಬ್ಬಿಯಲ್ಲಿ ಅವಳು ಕಟ್ಟಿದ ಥೇಪ್ಲಾ ರೊಟ್ಟಿ ನೋಡಿದರೇ ನನಗೆ ಕಸಿವಿಸಿಯಾಗುತ್ತದೆ.

ಈಗ ಮಯೂರ್ ಎಂಬ ಇನ್ನೊಬ್ಬನೂ ಬರುತ್ತಾನೆ, ಅವನ ಜೊತೆಯವರೂ ಬರುತ್ತಾರೆ. ಎಲ್ಲರೂ ಡಬ್ಬಿ ತರುತ್ತಾರೆ. ನಾನು ಮಜ್ಜಿಗೆ ಕಡೆದು ಕೊಡುತ್ತೇನೆ, ಅಷ್ಟೇ. ಹೆಚ್ಚು ಮಾತಿಲ್ಲ. ‘ಅಣ್ಣಾ, ನಾವಿರುವುದು ನಿಮಗೆ ತೊಂದರೆಯಾ’ ಎಂದು ಕಿಶೋರ್ ಕೇಳಿದ. ತೊಂದರೆಯೇ, ಆದರೆ ಇಲ್ಲ ಎಂದೆ.

ಸುಬ್ರಹ್ಮಣ್ಯ


ಅಹಮದಾಬಾದ್
6 ಜನವರಿ 2025

ಸುಬ್ರಹ್ಮಣ್ಯ,

ತೊಂದರೆಯೇ ಎಂದು ಬರೆದಿದ್ದೀಯಲ್ಲ, ಓದಿ ನನಗೆ ಎಷ್ಟು ಸಮಾಧಾನವಾಯಿತು ಗೊತ್ತೇ? ತೊಂದರೆ ಪಡಲಾದರೂ ಬೆಳಿಗ್ಗೆ ಏಳುತ್ತಿದ್ದೀಯ.

ಆದರೆ ಕಿಶೋರನ ವಿಷಯ ನನಗೆ ಸರಿಕಾಣಲಿಲ್ಲ. ಕಷ್ಟವನ್ನು ಮನೆಯವರಿಂದ ಮುಚ್ಚಿಡುವುದು ದೊಡ್ಡ ತಪ್ಪು. ಗಂಡಸರು ಇದನ್ನು ಪ್ರೀತಿ ಎಂದುಕೊಳ್ಳುತ್ತಾರೆ. ಮುಚ್ಚಿಟ್ಟವನು ಒಳಗೇ ಕೊರಗಿ ಸವೆಯುತ್ತಾನೆ, ಗೊತ್ತಾದ ದಿನ ಮನೆಯವರು ಇನ್ನಷ್ಟು ಒಡೆದುಹೋಗುತ್ತಾರೆ. ನೀನು ಮಾತು ಕೊಟ್ಟಿದ್ದೀ, ನೀನು ಹೇಳಬೇಡ. ಅವನೇ ಹೇಳುವಂತೆ ಮಾಡು.

ಬರೀ ಬೆಂಚು ಕೊಟ್ಟರೆ ಸಾಲದು. ದುಡಿದು ಅಭ್ಯಾಸವಿದ್ದ ಕೈಗಳು ಇಡೀ ದಿನ ತೊಡೆಯ ಮೇಲೆ ಬಿದ್ದಿದ್ದರೆ ಮನುಷ್ಯನಿಗೆ ಹುಚ್ಚು ಹಿಡಿಯುತ್ತದೆ. ನಿನ್ನ ಅಡುಗೆಮನೆಯಲ್ಲಿ ಕೆಲಸ ಇಲ್ಲವೇ? ಹೋಟೆಲು ತೆರೆ. ಅವರನ್ನು ಸೇರಿಸಿಕೋ. ವಾರಿಜ ಗಲ್ಲಾದಲ್ಲಿ ಕೂರುತ್ತಿದ್ದ ಕುರ್ಚಿ ಖಾಲಿ ಕಾಣುತ್ತದೆ ಎಂದು ನೀನು ತೆರೆಯುತ್ತಿಲ್ಲ ಎಂಬುದು ನನಗೆ ಗೊತ್ತು. ಕಾಣಲಿ ಬಿಡು. ಅವಳಿಲ್ಲ ಎಂಬುದು ಶಟರು ಮುಚ್ಚಿದರೂ ಅಷ್ಟೇ, ತೆರೆದರೂ ಅಷ್ಟೇ.

ಇನ್ನೂ ಬರೆಯಬೇಕೆಂದಿದ್ದೆ. ಭಾವನನ್ನು ಮಗ್ಗುಲು ಬದಲಿಸುವ ಹೊತ್ತಾಯಿತು. ಮೊಣಕಾಲಿಗೆ ಎಣ್ಣೆ ಹಚ್ಚಬೇಕು ಎಂದು ಬರೆಯಲು ಹೋದೆ, ಕೈ ಏನೋ ಗೀಚಿತು.

ಸಾವಿತ್ರಿ


ಸೂರತ್
2 ಫೆಬ್ರವರಿ 2025

ಅಕ್ಕನಿಗೆ ನಮಸ್ಕಾರ.

ಈ ಕಾಗದವನ್ನು ಕೂತು ಓದು.

ಹೋಟೆಲು ತೆರೆಯಲು ನನಗೆ ಮನಸ್ಸಿರಲಿಲ್ಲ. ನಿನ್ನ ಮೇಲೆ ಕೋಪವೂ ಬಂದಿತ್ತು, ಅದಕ್ಕೇ ಉತ್ತರ ಬರೆಯಲಿಲ್ಲ. ಉತ್ತರಾಯಣ ಬಂತು, ಊರೆಲ್ಲ ಮಹಡಿ ಹತ್ತಿ ಗಾಳಿಪಟ ಬಿಟ್ಟಿತು. ಹಬ್ಬಕ್ಕೆ ಮಕ್ಕಳಿಗೆ ಏನೂ ತರಲಾಗಲಿಲ್ಲ, ಸಂಬಳ ತಡ ಎಂದು ಎಷ್ಟು ಸಲ ಹೇಳುವುದು ಎಂದು ಕಿಶೋರ್ ಹೇಳಿದ್ದ. ಹಬ್ಬ ಕಳೆದ ಮೇಲೆ ಒಂದು ದಿನ ಅವನು ಬರಲಿಲ್ಲ. ಎಲ್ಲಾದರೂ ಕೆಲಸ ಸಿಕ್ಕಿರಬೇಕು ಎಂದ ಮಯೂರ್. ಬೆಳಿಗ್ಗೆ ಎದುರಿಗೆ ಸಿಕ್ಕಿದ್ದ, ಡಬ್ಬಿ ಕೈಯಲ್ಲಿತ್ತು, ನನ್ನ ಕಡೆ ನೋಡಲಿಲ್ಲ ಎಂದೂ ಹೇಳಿದ. ಅದನ್ನು ಕೇಳಿದ್ದೇ ನಾನು ಎದ್ದು ನಿಂತೆ. ಯಾರ ಕಡೆಗೂ ನೋಡದೆ ಹೋಗುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು.

ಅಕ್ಕಾ, ದೇವರ ಪೆಟ್ಟಿಗೆಯನ್ನು ಕೊರಿಯರಿಗೆ ಕೊಟ್ಟ ಮಾರನೆಯ ಬೆಳಿಗ್ಗೆ ನಾನು ತಾಪಿ ನದಿಯ ಸೇತುವೆಗೆ ಹೋಗಿದ್ದೆ. ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬಹಳ ಹೊತ್ತು ಕಂಬಿ ಹಿಡಿದು ನಿಂತಿದ್ದೆ. ಯಾರೋ ಹಿಂದಿನಿಂದ ಭುಜ ಮುಟ್ಟಿದರು. ಯಾರಿಗೋ ಅನುಮಾನ ಬಂತು ಎಂದುಕೊಂಡೆ. ಹಾಗೇನಿರಲಿಲ್ಲ. ಅವನ ಸ್ಕೂಟರಿನಲ್ಲಿ ಪೆಟ್ರೋಲ್ ಮುಗಿದಿತ್ತು, ಏರು ಇದೆ, ಪಂಪಿನವರೆಗೆ ಸ್ವಲ್ಪ ತಳ್ಳುತ್ತೀರಾ ಎಂದು ಕೇಳಿದ. ಮನಸ್ಸಿನಲ್ಲೇ ಅವನಿಗೆ ಬೈದೆ. ಆದರೂ ಕೈ ಹೋಯಿತು. ಪಂಪಿನ ಹತ್ತಿರ ಅವನು ಕೈಮುಗಿದು ಹೋದ. ನಾನು ಸೇತುವೆಯ ಆಚೆ ದಡಕ್ಕೆ ಬಂದುಬಿಟ್ಟಿದ್ದೆ. ಮೈ ಬೆವರಿತ್ತು, ಬಾಯಾರಿತ್ತು. ಕಬ್ಬಿನ ಹಾಲಿನವನ ಹತ್ತಿರ ನೀರು ಕೇಳಿ ಕುಡಿದು ಮನೆಗೆ ಬಂದೆ. ಆಮೇಲೆ ನಿನ್ನ ಕಾಗದ ಬಂತು.

ಹಾಗಾಗಿ ಮಯೂರನ ಸ್ಕೂಟರ್ ತೆಗೆದುಕೊಂಡು ನೇರ ಅಲ್ಲಿಗೇ ಹೋದೆ. ಕಿಶೋರ್ ಸೇತುವೆಯ ಮೇಲೆ ಕಾಲುದಾರಿಯಲ್ಲಿ ಕೂತಿದ್ದ. ಡಬ್ಬಿ ಪಕ್ಕದಲ್ಲಿತ್ತು, ಬಿಚ್ಚಿರಲಿಲ್ಲ. ಅವನಿಗೆ ಬುದ್ಧಿ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವನ ಮುಖ ನೋಡಿದಾಗ ಅವನ್ನೆಲ್ಲ ಬಿಟ್ಟುಬಿಟ್ಟೆ. ನನಗೆ ಆವತ್ತು ಯಾರಾದರೂ ಬುದ್ಧಿ ಹೇಳಿದ್ದರೆ ನಾನು ಕೇಳುತ್ತಿರಲಿಲ್ಲ. ಕೊನೆಗೆ ಹೀಗೆ ಹೇಳಿದೆ: “ಕಿಶೋರ್‌ಭಾಯಿ, ಹಿಟ್ಟು ರುಬ್ಲಿಕ್ಕುಂಟು. ನನ್ನ ಸೊಂಟ ಹಿಡ್ಕೊಂಡಿದೆ, ಒಬ್ಬನಿಂದ ಆಗುದಿಲ್ಲ. ಸ್ವಲ್ಪ ಬನ್ನಿ.”

ಹೋಟೆಲು ಮುಚ್ಚಿದೆಯಲ್ಲ ಎಂದ. ನಾಳೆ ತೆರೆಯುತ್ತೇನೆ ಎಂದೆ. ಆಮೇಲೆ ಡಬ್ಬಿ ತೆಗೆದುಕೊಂಡು ಎದ್ದು ಬಂದು ಸ್ಕೂಟರಿನ ಹಿಂದೆ ಕೂತ.

ಹಿಟ್ಟೂ ಇರಲಿಲ್ಲ, ಸೊಂಟವೂ ಹಿಡಿದಿರಲಿಲ್ಲ. ಹೋಟೆಲಿನ ಅಕ್ಕಿ ಡಬ್ಬದಲ್ಲಿ ಹುಳ ಹರಿದಾಡುತ್ತಿತ್ತು. ಆದರೆ ಬಾಯಿಬಿಟ್ಟು ಹೇಳಿದ ಮೇಲೆ ಏನು ಮಾಡುವುದು, ದಾರಿಯಲ್ಲೇ ಕಿರಾಣಿ ಅಂಗಡಿಯಲ್ಲಿ ಸ್ಕೂಟರ್ ನಿಲ್ಲಿಸಿ ಅಕ್ಕಿ, ಉದ್ದು ಕೊಂಡೆ. ಮೂಟೆಯನ್ನು ಅವನೇ ತೊಡೆಯ ಮೇಲಿಟ್ಟುಕೊಂಡ. ನೆನೆಹಾಕಿದೆವು. ನೆನೆಯುವ ಹೊತ್ತಿಗೆ ಗ್ರೈಂಡರ್ ತೊಳೆದೆವು, ಒಲೆ ಉಜ್ಜಿದೆವು. ಅವನು ಕೆಲಸ ಮಾಡುತ್ತಲೇ ಅತ್ತ, ನಾನು ನೋಡದವನ ಹಾಗೆ ಇದ್ದೆ. ಸಂಜೆ ಮನೆಗೆ ಹೋಗಿ ಪೂರ್ವಿಬೆನ್‌ಗೆ ತಾನೇ ಎಲ್ಲ ಹೇಳಿದನಂತೆ.

ಮಾರನೆಯ ದಿನ ಇಡ್ಲಿ ಬೇಯಿಸಿದೆವು. ಗಟ್ಟಿಯಾಗಿದ್ದವು. ಮಧ್ಯಾಹ್ನ ಪೂರ್ವಿಬೆನ್ ಬಂದಳು, ಕೈಯಲ್ಲಿ ಅದೇ ಡಬ್ಬಿ. ಗಂಡನ ಬಗ್ಗೆ ಒಂದು ಮಾತೂ ಆಡಲಿಲ್ಲ. ಸಾವಿನ ಮನೆಯಿಂದ ಸಿಹಿ ಬಂದಾಗ, ಈ ಅಣ್ಣನಿಗೆ ನಾವು ಬೇಡವಾಗಿದ್ದೇವೆ ಎಂದು ತಿಳಿದು ಅತ್ತೆವು ಎಂದಳು. ನೀನು ಹೇಳಿಕೊಟ್ಟ ಹಾಗೆ ತಪ್ಪಾಯಿತು ಎಂದೆ. ಅಡುಗೆಮನೆಯಲ್ಲೇ ನಿಂತು ಕಢಿ ಉಂಡೆ. ಬೆಲ್ಲ ಹೆಚ್ಚಾಗಿತ್ತು, ಇವರು ಹಾಕುವುದೇ ಹಾಗೆ. ಉಣ್ಣುತ್ತ ನನಗೆ ಅಳು ಬಂತು. ವಾರಿಜ ಹೋದಾಗಲೂ ನಾನು ಅತ್ತಿರಲಿಲ್ಲ ಅಕ್ಕಾ, ನಿನಗೂ ಗೊತ್ತು. ಆವತ್ತು ಅತ್ತೆ.

ಸುಬ್ರಹ್ಮಣ್ಯ


ಅಹಮದಾಬಾದ್
10 ಫೆಬ್ರವರಿ 2025

ನನ್ನ ಮಾಣಿ,

ಕೂತೇ ಓದಿದೆ.

ಪೆಟ್ಟಿಗೆ ಬಿಚ್ಚಿದಾಗಲೇ ನನ್ನ ಒಳಗೆ ಯಾರೋ ಇದನ್ನೇ ಹೇಳಿದ್ದರು. ಅಂದಿನಿಂದ ಅಂಚೆಯವನು ಮೆಟ್ಟಿಲು ಹತ್ತಿದರೆ ಎದೆ ಹಾರುತ್ತಿತ್ತು, ಹತ್ತದಿದ್ದರೂ ಹಾರುತ್ತಿತ್ತು. ನಿನಗೆ ಬೈಯುತ್ತ ಬರೆದದ್ದೆಲ್ಲ ಆ ಹೆದರಿಕೆಯಲ್ಲೇ ಬರೆದದ್ದು. ಬೈದರೆ ನೀನು ಎದುರು ವಾದ ಮಾಡಲಾದರೂ ಇರುತ್ತೀ ಎಂದುಕೊಂಡೆ. ಆ ಸ್ಕೂಟರಿನವನು ಯಾರೋ ಏನೋ, ಅವನ ಹೆಂಡತಿ ಮಕ್ಕಳು ತಣ್ಣಗಿರಲಿ.

ಇನ್ನು ಆ ಕಡೆ ಹೋಗಬೇಕು ಎನಿಸಿದರೆ ಮೊದಲು ಯಾರನ್ನಾದರೂ ಕರೆ. ಕಿಶೋರನನ್ನು ಕರೆ, ಪೂರ್ವಿಬೆನ್‌ಳನ್ನು ಕರೆ, ನನಗೆ ಬರೆ. ಇದನ್ನು ನೀನು ನನಗೆ ಮಾತು ಕೊಡಬೇಕು. ಮತ್ತೆ ದೇವರ ವಿಷಯ ನಾನು ಎತ್ತುವುದಿಲ್ಲ. ನಿನಗೆ ಬೇಕೆನಿಸಿದಾಗ ಬಂದು ತೆಗೆದುಕೊಂಡು ಹೋಗು.

ನಿನ್ನ ಕಾಗದವನ್ನು ಭಾವನಿಗೆ ಓದಿ ಹೇಳಿದೆ. ಕೇಳಿ ಕಣ್ಣು ಒದ್ದೆ ಮಾಡಿಕೊಂಡರು.

ಸಾವಿತ್ರಿ


ಅಹಮದಾಬಾದ್
11 ಏಪ್ರಿಲ್ 2025

ಸುಬ್ರಹ್ಮಣ್ಯ,

ಮಾತು ಕೊಡು ಎಂದು ಬರೆದು ಎರಡು ತಿಂಗಳಾಯಿತು. ನಡುವೆ ಇನ್ನೊಂದು ಕಾಗದವನ್ನೂ ಹಾಕಿದೆ. ನಿನ್ನಿಂದ ಒಂದು ಸಾಲು ಇಲ್ಲ. ಯುಗಾದಿ ಬಂದು ಹೋಯಿತು. ರಚನಾ ನಿನ್ನ ನಂಬರಿಗೆ ಹಚ್ಚಿದರೆ ಬಂದ್ ಎಂದು ಬರುತ್ತದೆ.

ನಾನು ಏನೆಂದುಕೊಳ್ಳಬೇಕು? ಹಿಂದೆ ದುಃಖದಲ್ಲಿದ್ದಾಗಲೂ ಉತ್ತರ ಬರೆಯುತ್ತಿದ್ದೆಯಲ್ಲ. ಈ ಕಾಗದ ಮುಟ್ಟಿದ ದಿನವೇ ಬದುಕಿದ್ದೇನೆ ಎಂದಷ್ಟಾದರೂ ಬರೆದು ಹಾಕು. ಬೇರೇನೂ ಬೇಡ.

ಸಾವಿತ್ರಿ


ಸೂರತ್
22 ಏಪ್ರಿಲ್ 2025

ಅಕ್ಕನಿಗೆ ನಮಸ್ಕಾರ.

ಬದುಕಿದ್ದೇನೆ. ನೀನು ಹೇಗೆ ಬೈದರೂ ಸರಿಯೇ. ಬರೆಯಲು ಮರೆತೆ ಅಕ್ಕಾ. ಇವತ್ತು ಬರೆಯಬೇಕು ಎಂದುಕೊಳ್ಳುವುದು, ಅಷ್ಟರಲ್ಲಿ ಯಾರೋ ಸಾಂಬಾರು ಎನ್ನುವುದು, ಸಂಜೆ ಕೈಕಾಲು ತೊಳೆಯುವಷ್ಟರಲ್ಲಿ ನಿದ್ದೆ. ಹೀಗೇ ಕಳೆದುಹೋಯಿತು. ಹಳೆಯ ಫೋನು ಚಾರ್ಜ್ ಇಲ್ಲದೆ ಬಿದ್ದು ಕೆಟ್ಟಿದೆ. ಹೊಸದನ್ನು ಕೊಳ್ಳುತ್ತೇನೆ.

ಹೋಟೆಲು ನಡೆಯುತ್ತಿದೆ. ಮಯೂರನಿಗೆ ಸೀರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಉಳಿದವರಲ್ಲಿ ಕೆಲವರು ಭಾವನಗರದ ಕಡೆ ಊರಿಗೆ ಹೋದರು. ಕಿಶೋರ್ ಇಲ್ಲೇ ಇದ್ದಾನೆ. ಅವನು ಹೊಯ್ಯುವ ದೋಸೆಗೆ ಯಾವ ಆಕಾರವೂ ಇಲ್ಲ, ಆದರೆ ರುಚಿ ಬಂದಿದೆ. ಗಲ್ಲಾದಲ್ಲಿ ಪೂರ್ವಿಬೆನ್ ಕೂರುತ್ತಾಳೆ. ಮೊದಲ ದಿನ ಆ ಕುರ್ಚಿಯಲ್ಲಿ ಅವಳನ್ನು ನೋಡಲಾಗದೆ ಹಿಂದಿನ ಬಾಗಿಲಿಂದ ಹೊರಗೆ ಹೋಗಿ ನಿಂತೆ. ಈಗ ಅಭ್ಯಾಸವಾಗಿದೆ. ಕೆಲಸ ಕಳೆದುಕೊಂಡವರು ಇನ್ನೂ ಡಬ್ಬಿ ತಂದು ಕೂರುತ್ತಾರೆ, ಹಿಂದಿನ ಸಾಲಿನ ಬೆಂಚು ಅವರಿಗೇ ಬಿಟ್ಟಿದ್ದೇನೆ. ಬಂದ ಮೊದಲ ದಿನ ಅವರನ್ನು ನಾನು ಏನೂ ಕೇಳುವುದಿಲ್ಲ. ಎರಡನೆಯ ದಿನ ತೆಂಗಿನಕಾಯಿ ತುರಿದುಕೊಡಿ ಎನ್ನುತ್ತೇನೆ.

ಹೋದ ವಾರ ಕಿಶೋರ್ ಏನೋ ತಮಾಷೆ ಮಾಡಿದ, ನಾನು ಜೋರಾಗಿ ನಕ್ಕುಬಿಟ್ಟೆ. ನಕ್ಕ ಮೇಲೆ ವಾರಿಜಳ ನೆನಪಾಗಿ ತಪ್ಪು ಮಾಡಿದವನ ಹಾಗೆ ಸುತ್ತ ನೋಡಿದೆ. ಕಿಶೋರ್ ಆಗಲೇ ಮುಂದಿನ ದೋಸೆ ಹೊಯ್ಯುತ್ತಿದ್ದ. ನಾನು ಸಂತೋಷವಾಗಿದ್ದೇನೆ ಎಂದು ಬರೆಯಲು ಇನ್ನೂ ಕೈ ಹಿಂಜರಿಯುತ್ತದೆ, ಆದರೆ ಇದ್ದೇನೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಉತ್ತರ ಬರೆಯಲು ನಿನ್ನ ಎಲ್ಲ ಕಾಗದಗಳನ್ನೂ ಮೊನ್ನೆ ಒಟ್ಟಿಗೆ ತೆಗೆದು ಓದಿದೆ. ಮೊದಲೆಲ್ಲ ನೀನು ಹಬ್ಬಕ್ಕೆ ಒಂದು ಕಾರ್ಡು ಹಾಕಿದರೂ ಭಾವ ಅದರ ಅಂಚಿನಲ್ಲಿ ತಮ್ಮ ಕೈಯಿಂದ ಏನಾದರೂ ಗೀಚುತ್ತಿದ್ದರು, ನನ್ನನ್ನು ‘ಭಟ್ರೇ’ ಎಂದು ಕೀಟಲೆ ಮಾಡುತ್ತಿದ್ದರು. ಈ ಕಾಗದಗಳಲ್ಲಿ ಅವರ ಒಂದು ಅಕ್ಷರವೂ ಇಲ್ಲ. ಮೊಣಕಾಲು ನೋವಿಗೆ ಯಾರೂ ಮಗ್ಗುಲು ಬದಲಿಸುವುದಿಲ್ಲ. ಪೇಪರನ್ನು ದಿನಾ ಗಟ್ಟಿಯಾಗಿ ಓದುತ್ತಿದ್ದ ಮನುಷ್ಯನಿಗೆ ನನ್ನ ಕಾಗದವನ್ನು ನೀನು ಓದಿ ಹೇಳಬೇಕಾಯಿತು. ಮತ್ತೆ ಈ ಕಾಗದಗಳಿಗೆಲ್ಲ ಒಂದು ವಾಸನೆಯಿದೆ, ಪೌಡರಿನದು, ಸ್ಪಿರಿಟ್ಟಿನದು. ವಾರಿಜ ಹಾಸಿಗೆ ಹಿಡಿದಿದ್ದ ತಿಂಗಳುಗಳಲ್ಲಿ ನನ್ನ ಕೈಯಿಂದಲೂ ಇದೇ ವಾಸನೆ ಬರುತ್ತಿತ್ತು. ಮೊದಲೇ ತಿಳಿಯಬೇಕಿತ್ತು. ನನ್ನ ದುಃಖದಲ್ಲಿ ಮೂಗೂ ಕಟ್ಟಿಹೋಗಿತ್ತು.

ಭಾವನಿಗೆ ಏನಾಗಿದೆ, ಯಾವಾಗ ಆಯಿತು ಎಂದು ನಾನು ಕೇಳುವುದಿಲ್ಲ. ಬಂದು ನೋಡುತ್ತೇನೆ. ಬರುವ ವಾರ, ಮೇ ಮೂರರ ಶನಿವಾರ ಹೊರಡುತ್ತೇನೆ, ಹೋಟೆಲನ್ನು ಕಿಶೋರ್ ನೋಡಿಕೊಳ್ಳುತ್ತಾನೆ. ಹಾಸಿಗೆ ಹಿಡಿದವರನ್ನು ನೋವಾಗದಂತೆ ಎತ್ತುವುದು, ಬೆನ್ನು ಒರೆಸುವುದು, ಹುಣ್ಣಾಗದಂತೆ ದಿಂಬು ಕೊಡುವುದು, ಇವೆಲ್ಲ ನನಗೆ ಬರುತ್ತವೆ. ವಾರಿಜ ಹೋದ ಮೇಲೆ ಆ ಕೆಲಸ ಇನ್ನು ಯಾವುದಕ್ಕೂ ಬೇಡವೆಂದು ಕೈ ಚೆಲ್ಲಿ ಕೂತಿದ್ದೆ. ಬೇಡ, ನಾವು ಆರಾಮಾಗಿದ್ದೇವೆ ಎಂದು ಮಾತ್ರ ಬರೆಯಬೇಡ.

ಸುಬ್ರಹ್ಮಣ್ಯ


ಅಹಮದಾಬಾದ್
27 ಏಪ್ರಿಲ್ 2025, ಭಾನುವಾರ

ಸುಬ್ರಹ್ಮಣ್ಯ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ರಚನಾ ಬಂದಿದ್ದಾಳೆ. ವಡೋದರದಲ್ಲಿ ಇಳಿಯದೆ ಸೂರತ್ತಿಗೇ ಹೋಗಿ ನಿನ್ನ ಕೈಗೆ ಕೊಡುತ್ತೇನೆ ಎಂದಿದ್ದಾಳೆ. ಬಾಯಲ್ಲಿ ಹೇಳಿ ಕಳಿಸಬಹುದಿತ್ತು. ಬಾಯಿಗೆ ಆರಾಮಾಗಿದ್ದೇವೆ ಎಂದು ಹೇಳಿಯೇ ಅಭ್ಯಾಸವಾಗಿದೆ.

ಹೋದ ಅಕ್ಟೋಬರಿನಲ್ಲಿ ಭಾವನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಗಿದೆ, ಮಾತು ಹೋಗಿದೆ. ನೀನು ಆಗಲೇ ಮುಳುಗಿದ್ದೆ, ನಿನ್ನ ತಲೆಗೆ ಇದನ್ನೂ ಹೇರಬಾರದು ಎಂದು ಮುಚ್ಚಿಟ್ಟೆ. ಕಿಶೋರನ ಬಗ್ಗೆ ಅಷ್ಟುದ್ದ ಬರೆದವಳು ನಾನೇ. ಭಾವ ಪೂಜೆ ಮಾಡುತ್ತಾರೆ ಎಂದದ್ದೂ ಸುಳ್ಳು. ಹೆಂಗಸರು ಮುಟ್ಟಬಾರದ ಸಾಲಿಗ್ರಾಮವನ್ನು ಇಷ್ಟು ದಿನ ನಾನೇ ತೊಳೆದು ತುಳಸಿ ಏರಿಸಿದ್ದೇನೆ. ಅಪ್ಪಯ್ಯನಿಗೆ ಸಿಟ್ಟು ಬಂದಿದ್ದರೆ ಬರಲಿ, ದೇವರಿಗೆ ಬಂದ ಹಾಗೆ ಕಾಣಲಿಲ್ಲ.

ಮೊನ್ನೆ ಗುರುವಾರ ಅವರನ್ನು ಕುರ್ಚಿಗೆ ಕೂರಿಸಲು ಹೋಗಿ ಇಬ್ಬರೂ ಬಿದ್ದೆವು. ಪೆಟ್ಟಾಗಲಿಲ್ಲ. ಆದರೆ ಅವರನ್ನು ಎತ್ತಲು ನನ್ನಿಂದಾಗಲಿಲ್ಲ. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದೆ. ಪಕ್ಕದ ಮನೆಯವರನ್ನು ಕೂಗಬಹುದಿತ್ತು, ಕೂಗಲಿಲ್ಲ. ಯಾರನ್ನು ಹೇಗೆ ಕರೆಯಬೇಕು ಎಂದೇ ನನಗೆ ಗೊತ್ತಾಗಲಿಲ್ಲ. ಕೊನೆಗೆ ಹಾಲಿನವನು ಬಂದು ಎತ್ತಿದ. ಅವನು ಬರುವವರೆಗೆ ಅಲ್ಲಿ ಕೂತು ನಾನು ಏನೇನು ಯೋಚಿಸಿದೆ ಎಂದು ನಿನಗೊಬ್ಬನಿಗೇ ಅರ್ಥವಾದೀತು. ಮಾರನೆಯ ದಿನ ನಿನ್ನ ಕಾಗದ ಬಂತು.

ಇಷ್ಟು ತಿಂಗಳು ನಿನಗಾಗಿ ನೀನು ಬದುಕಬೇಕೆಂದು ಬರೆದೆ. ಈಗ ನನಗಾಗಿ ಬರೆಯುತ್ತಿದ್ದೇನೆ. ನನ್ನ ಕೈಯಲ್ಲಿ ಶಕ್ತಿ ಉಳಿದಿಲ್ಲ. ಶನಿವಾರದವರೆಗೆ ಕಾಯಬೇಡ, ನಾಳೆಯೇ ಬಾ.

ಅಕ್ಕ